ಚಳಿಗೆ ಹೆಪ್ಪುಗಟ್ಟದ ಪೊರೆ

ಹಿರೀಸಾವೆ ಹೋಬಳಿಯಲ್ಲಿ ಪುಷ್ಯಮಾಸದ ಬೆಳಿಗ್ಗೆ ತಲೆಗೆ ಕೊಬ್ಬರಿ ಎಣ್ಣೆ ಬೇಕೆಂದವರು ಮೊದಲು ಶೀಶೆಯನ್ನು ಬಿಸಿಲಿಗೋ ಒಲೆಯ ಪಕ್ಕಕ್ಕೋ ಇಡಬೇಕು. ಉಷ್ಣತೆ ಸುಮಾರು 25 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಕೊಬ್ಬರಿ ಎಣ್ಣೆ ಬೆಳ್ಳಗೆ ಗಟ್ಟಿಯಾಗುತ್ತದೆ. ಚನ್ನರಾಯಪಟ್ಟಣ ಸೀಮೆಯ ಚಳಿಗಾಲದ ರಾತ್ರಿಗಳು ಅದಕ್ಕಿಂತ ಎಷ್ಟೋ ಕೆಳಗೆ ಇಳಿಯುತ್ತವೆ. ಇದು ಎಲ್ಲರಿಗೂ ಗೊತ್ತು. ಇದರ ಹಿಂದೆಯೇ ಏಳಬೇಕಾದ ಪ್ರಶ್ನೆ ಮಾತ್ರ ಹೆಚ್ಚಿನವರಿಗೆ ಏಳುವುದಿಲ್ಲ. ಆ ಎಣ್ಣೆ ಕೊಟ್ಟ ತೆಂಗಿನ ಮರ ಅದೇ ಚಳಿಯಲ್ಲಿ ರಾತ್ರಿಯಿಡೀ ತೋಟದಲ್ಲಿ ನಿಂತಿರುತ್ತದೆ. ಅದರ ಗರಿಯ ಒಂದೊಂದು ಜೀವಕೋಶವನ್ನೂ ಸುತ್ತಿರುವ ಪೊರೆ ಮುಖ್ಯವಾಗಿ ಕೊಬ್ಬಿನ ಜಾತಿಯ ಅಣುಗಳಿಂದಲೇ ಆದದ್ದು. ಕಾಯಿಂದ ತೆಗೆದ ಕೊಬ್ಬು ಹೆಪ್ಪುಗಟ್ಟುವ ಚಳಿಗೆ ಗರಿಯೊಳಗಿನ ಕೊಬ್ಬು ಏಕೆ ಹೆಪ್ಪುಗಟ್ಟುವುದಿಲ್ಲ?

ಒಂದೇ ಮರ ಎರಡು ಬಗೆಯ ಕೊಬ್ಬನ್ನು ಎರಡು ಕೆಲಸಕ್ಕೆ ಮಾಡಿಕೊಳ್ಳುತ್ತದೆ ಎಂಬುದು ಅದಕ್ಕೆ ಉತ್ತರ. ಮೊಳಕೆಗೆ ಬುತ್ತಿಯಾಗಲೆಂದು ಕಾಯಲ್ಲಿ ಕೂಡಿಟ್ಟ ಕೊಬ್ಬು ಒಂದು ಬಗೆ. ಬದುಕು ನಡೆಸಲು ಕೋಶದ ಪೊರೆಗೆ ಬಳಸುವ ಕೊಬ್ಬು ಬೇರೆ ಬಗೆ. ಇಷ್ಟು ಸರಳವಾದ ವ್ಯತ್ಯಾಸವನ್ನು ಮರೆತದ್ದರಿಂದ ನಮ್ಮ ಅಡುಗೆಮನೆಯ ಮಾತು, ಜಾಹೀರಾತಿನ ಮಾತು, ಕೆಲವೊಮ್ಮೆ ಪಾಠದ ಕೋಣೆಯ ಮಾತೂ ದಾರಿ ತಪ್ಪಿವೆ. "ಶೀಶೆಯಲ್ಲಿ ಗಟ್ಟಿಯಾಗುವ ಎಣ್ಣೆ ರಕ್ತನಾಳದಲ್ಲಿ ಗಟ್ಟಿಯಾಗದೆ ಬಿಡುತ್ತದೆಯೇ" ಎಂದು ಹೆದರಿ ತೆಂಗಿನ ಸೀಮೆಯವರೇ ರಿಫೈನ್ಡ್ ಎಣ್ಣೆಯ ಪ್ಯಾಕೆಟ್ಟಿಗೆ ಕೈ ಚಾಚುತ್ತಾರೆ. ಮನುಷ್ಯನ ಮೈ 37 ಡಿಗ್ರಿಯದು. ಅಲ್ಲಿ ಕೊಬ್ಬರಿ ಎಣ್ಣೆ ನೀರಾಗಿಯೇ ಇರುತ್ತದೆ. ಅದಲ್ಲದೆ ತಿಂದ ಎಣ್ಣೆ ಎಣ್ಣೆಯಾಗಿಯೇ ರಕ್ತದಲ್ಲಿ ಹರಿಯುವುದೂ ಇಲ್ಲ. ಕರುಳಿನಲ್ಲಿ ಒಡೆದು, ಮತ್ತೆ ಜೋಡಣೆಗೊಂಡು, ಪ್ರೋಟೀನಿನ ಹೊದಿಕೆ ಹೊದ್ದು ಹೋಗುತ್ತದೆ. ಇನ್ನೊಂದು ಪಂಗಡದವರು ಇದೇ ಎಣ್ಣೆಯನ್ನು ಸರ್ವರೋಗಕ್ಕೂ ಮದ್ದೆಂದು ದಿನಕ್ಕೆರಡು ಚಮಚ ಕುಡಿಯುತ್ತಾರೆ. ಶೀಶೆಯಲ್ಲಿ ಕಂಡ ಗುಣ ಹಾಗೆಯೇ ಮೈಗೆ ಬಂದು ಸೇರುತ್ತದೆ ಎಂಬ ನಂಬಿಕೆ ಈ ಎರಡೂ ಕಡೆಯವರಲ್ಲಿದೆ. ಅದು ತಪ್ಪೆಂಬುದು ನನ್ನ ವಾದ. ಕೋಶಪೊರೆಯ ದ್ರವತೆ ನಾವು ತಿಂದ ಎಣ್ಣೆಯಿಂದ ಬಳುವಳಿಯಾಗಿ ಬರುವ ಗುಣವಲ್ಲ. ಕೋಶ ಶಕ್ತಿ ಖರ್ಚು ಮಾಡಿ, ಎಡೆಬಿಡದೆ ದುಡಿದು ಉಳಿಸಿಕೊಳ್ಳುವ ಸ್ಥಿತಿ ಅದು.

ಎಣ್ಣೆ ಗಟ್ಟಿಯಾಗುವುದು ಏಕೆಂಬುದನ್ನು ಮೊದಲು ನೋಡೋಣ. ಕೊಬ್ಬಿನಾಮ್ಲ ಎಂದರೆ ಇಂಗಾಲದ ಪರಮಾಣುಗಳ ಒಂದು ಸರಪಳಿ. ಸರಪಳಿಯಲ್ಲಿ ದ್ವಿಬಂಧವೇ ಇಲ್ಲದಿದ್ದರೆ ಅದು ಪರ್ಯಾಪ್ತ. ಅಂಥವು ನೆಟ್ಟಗೆ ನಿಂತು ಒಂದರ ಪಕ್ಕ ಒಂದು ಒತ್ತಾಗಿ ಕೂಡುತ್ತವೆ. ಸಸ್ಯಗಳಲ್ಲಿ ಸಿಗುವ ಬಗೆಯ ಒಂದು ದ್ವಿಬಂಧ ಬಂದರೆ ಸರಪಳಿ ಅಲ್ಲಿ ಬಾಗುತ್ತದೆ, ಒತ್ತಾಗಿ ಕೂರಲು ಆಗುವುದಿಲ್ಲ. 18 ಇಂಗಾಲದ ಸ್ಟಿಯರಿಕ್ ಆಮ್ಲ ಕರಗಲು ಸುಮಾರು 69 ಡಿಗ್ರಿ ಬೇಕು. ಅದೇ ಉದ್ದದ, ಒಂದೇ ಒಂದು ದ್ವಿಬಂಧ ಇರುವ ಓಲಿಯಿಕ್ ಆಮ್ಲಕ್ಕೆ 13 ಡಿಗ್ರಿ ಸಾಕು. ಎರಡು ದ್ವಿಬಂಧದ ಲಿನೋಲಿಯಿಕ್ ಆಮ್ಲ ಸೊನ್ನೆಗಿಂತ 5 ಡಿಗ್ರಿ ಕೆಳಗಾದರೆ ಮಾತ್ರ ಗಟ್ಟಿಯಾಗುತ್ತದೆ. ಉದ್ದಕ್ಕೂ ಬೆಲೆ ಇದೆ. ಕೊಬ್ಬರಿ ಎಣ್ಣೆಯ ಕೊಬ್ಬಿನಾಮ್ಲಗಳಲ್ಲಿ ಹೆಚ್ಚುಕಡಿಮೆ ನೂರಕ್ಕೆ 90 ಭಾಗ ಪರ್ಯಾಪ್ತವೇ. ಆದರೂ ಅದು 60 ಡಿಗ್ರಿಯವರೆಗೆ ಕಲ್ಲಾಗಿ ಕೂರದೆ 25ಕ್ಕೇ ಕರಗಲು ಕಾರಣ, ಅದರಲ್ಲಿ ಅರ್ಧದಷ್ಟಿರುವ ಲಾರಿಕ್ ಆಮ್ಲದ ಸರಪಳಿ 12 ಇಂಗಾಲದಷ್ಟೇ ಗಿಡ್ಡ. ಇದೇ ಸೀಮೆಯ ರಾಗಿ ಹೊಲದಲ್ಲಿ ಅಕ್ಕಡಿ ಸಾಲಿಗೆ ಬಿತ್ತುವ ಹುಚ್ಚೆಳ್ಳಿನ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಲಿನೋಲಿಯಿಕ್ ಆಮ್ಲ. ಕೊಬ್ಬರಿ ಎಣ್ಣೆಯ ಜೊತೆ ಒಂದೇ ಗೂಡಿನಲ್ಲಿ, ಅದೇ ಚಳಿಯಲ್ಲಿ ಇಟ್ಟರೂ ಅದು ಗಟ್ಟಿಯಾಗದು.

ಇಲ್ಲಿಯವರೆಗಿನದು ಶೀಶೆಯ ರಸಾಯನ. ಪೊರೆಯ ರಸಾಯನ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಶೀಶೆಯ ಎಣ್ಣೆ ಟ್ರೈಗ್ಲಿಸರೈಡ್: ಒಂದು ಗ್ಲಿಸರಾಲಿಗೆ ಮೂರು ಸರಪಳಿ. ನೀರೆಂದರೆ ಆಗದ ಈ ಅಣುಗಳು ಹನಿಯಾಗಿ ಕೂಡಿಕೊಳ್ಳುತ್ತವೆ, ಅಷ್ಟೇ. ಪೊರೆಯಲ್ಲಿರುವುದು ಹೆಚ್ಚಾಗಿ ಫಾಸ್ಫೋಲಿಪಿಡ್. ಅದರಲ್ಲಿ ಎರಡು ಸರಪಳಿ, ಮೂರನೆಯದರ ಜಾಗದಲ್ಲಿ ನೀರಿಗೆ ಒಲಿಯುವ ಫಾಸ್ಫೇಟಿನ ತಲೆ. ತಲೆಗೆ ನೀರು ಬೇಕು, ಬಾಲಕ್ಕೆ ಬೇಡ. ಹೀಗಾಗಿ ಅವು ನೀರಿನಲ್ಲಿ ತಾವಾಗಿಯೇ ಎರಡು ಪದರದ ಹಾಳೆಯಾಗುತ್ತವೆ: ಬಾಲಗಳೆಲ್ಲ ಒಳಗೆ, ತಲೆಗಳೆಲ್ಲ ಎರಡೂ ಬದಿಗೆ ಹೊರಗೆ. ಹಾಳೆಯ ದಪ್ಪ ಸುಮಾರು 5 ನ್ಯಾನೋಮೀಟರ್. ಒಂದು ಮೈಕ್ರೋಮೀಟರ್ ಉದ್ದ, ಅಷ್ಟೇ ಅಗಲದ ತುಣುಕಿನಲ್ಲಿ ಸುಮಾರು 50 ಲಕ್ಷ ಲಿಪಿಡ್ ಅಣುಗಳು. ಗರಿಯ ಹಸಿರುಭಾಗದ ಪೊರೆಗಳಲ್ಲಿ ಫಾಸ್ಫೇಟಿನ ಬದಲು ಸಕ್ಕರೆಯ ತಲೆ ಹೊತ್ತ ಲಿಪಿಡ್‌ಗಳೇ ಹೆಚ್ಚು. ಅವುಗಳ ಬಾಲಗಳಲ್ಲಿ ಮೂರು ದ್ವಿಬಂಧದ ಲಿನೋಲೆನಿಕ್ ಆಮ್ಲವೇ ಪ್ರಧಾನ. ಕೊಬ್ಬರಿಗೆ ಲಾರಿಕ್ ತುಂಬಿದ ಮರವೇ ಗರಿಗೆ ಬೇರೆಯದನ್ನು ಆರಿಸಿಕೊಂಡಿದೆ.

ಎರಡು ಪದರ ಎಂಬುದು ಗೊತ್ತಾದ ಬಗೆ ಸ್ವಾರಸ್ಯವಾಗಿದೆ. ಜರ್ಮನಿಯ ಆಗ್ನೆಸ್ ಪಾಕೆಲ್ಸ್ ಎಂಬ ಹೆಣ್ಣುಮಗಳು ಕಾಲೇಜಿನ ಮೆಟ್ಟಿಲು ಹತ್ತಲಾಗದೆ, ಮನೆಯಲ್ಲೇ ತೊಟ್ಟಿಯ ನೀರಿನ ಮೇಲೆ ಎಣ್ಣೆಯ ಪದರ ಹರಡಿ ಅಳೆಯುತ್ತಿದ್ದಳು. ಅವಳ ಬರಹವನ್ನು ಲಾರ್ಡ್ ರೇಲಿ 1891ರಲ್ಲಿ 'ನೇಚರ್' ಪತ್ರಿಕೆಗೆ ಕಳುಹಿಸಿ ಅಚ್ಚು ಹಾಕಿಸಿದ. ಅವಳು ತೋರಿದ ದಾರಿಯಲ್ಲೇ ಬೆಳೆದ ವಿಧಾನವನ್ನು ಬಳಸಿ 1925ರಲ್ಲಿ ಹಾಲೆಂಡಿನ ಗೋರ್ಟರ್ ಮತ್ತು ಗ್ರೆಂಡೆಲ್ ಕೆಂಪು ರಕ್ತಕಣಗಳ ಲಿಪಿಡನ್ನು ಅಸಿಟೋನಿನಲ್ಲಿ ಎಳೆದು ತೆಗೆದರು, ನೀರಿನ ಮೇಲೆ ಹರಡಿದರು. ಅದು ಆವರಿಸಿದ ಜಾಗ ರಕ್ತಕಣಗಳ ಮೇಲ್ಮೈಗೆ ಸುಮಾರು ಎರಡರಷ್ಟಿತ್ತು. ಹಾಗಾದರೆ ಪೊರೆಗೆ ಎರಡು ಪದರ ಎಂದರು. ಆಮೇಲೆ ತಿಳಿದ ಸಂಗತಿ ಎಂದರೆ ಅಸಿಟೋನು ಲಿಪಿಡನ್ನೆಲ್ಲ ಎಳೆದಿರಲಿಲ್ಲ, ರಕ್ತಕಣದ ಮೇಲ್ಮೈಯನ್ನೂ ಅವರು ಕಡಿಮೆ ಲೆಕ್ಕ ಹಾಕಿದ್ದರು. ಎರಡು ತಪ್ಪುಗಳು ಒಂದನ್ನೊಂದು ಹೊಡೆದುಹಾಕಿ ಸರಿಯುತ್ತರ ಕೊಟ್ಟಿದ್ದವು. ವಿಜ್ಞಾನದ ಚರಿತ್ರೆಯನ್ನು ಬರೀ ಜಾಣತನದ ಚರಿತ್ರೆಯೆಂದು ಹೇಳಿಕೊಡುವವರು ಈ ಪ್ರಸಂಗವನ್ನು ಬಿಟ್ಟುಬಿಡುತ್ತಾರೆ.

ಆಮೇಲಿನ ನಾಲ್ಕೈದು ದಶಕ ಪೊರೆ ಎಂದರೆ ನಿಂತ ಗೋಡೆ ಎಂಬ ಭಾವನೆಯೇ ಹೆಚ್ಚಾಗಿ ನಡೆಯಿತು. ಅದನ್ನು ಅಲುಗಾಡಿಸಿದ್ದು 1970ರ ಒಂದು ಪ್ರಯೋಗ. ಫ್ರೈ ಮತ್ತು ಎಡಿಡಿನ್ ಇಲಿಯ ಕೋಶವನ್ನೂ ಮನುಷ್ಯನ ಕೋಶವನ್ನೂ ವೈರಸ್ಸಿನ ನೆರವಿನಿಂದ ಬೆಸೆದು ಒಂದಾಗಿಸಿದರು. ಇಲಿಯ ಮೇಲ್ಮೈ ಪ್ರೋಟೀನಿಗೆ ಒಂದು ಬಣ್ಣ, ಮನುಷ್ಯನದಕ್ಕೆ ಇನ್ನೊಂದು. ಬೆಸೆದ ಹೊತ್ತಿನಲ್ಲಿ ಅರ್ಧಕ್ಕೊಂದು ಬಣ್ಣವಿದ್ದ ಕೋಶ 37 ಡಿಗ್ರಿಯಲ್ಲಿ ಸುಮಾರು 40 ನಿಮಿಷದೊಳಗೆ ಪೂರಾ ಬೆರಕೆಯಾಯಿತು. ಉಷ್ಣತೆಯನ್ನು 15 ಡಿಗ್ರಿಗೆ ಇಳಿಸಿದಾಗ ಬೆರೆಯುವುದು ನಿಂತಿತು. ಎರಡು ವರ್ಷದ ಬಳಿಕ, 1972ರಲ್ಲಿ, ಸಿಂಗರ್ ಮತ್ತು ನಿಕಲ್ಸನ್ ಇದನ್ನೆಲ್ಲ ಒಟ್ಟುಮಾಡಿ ದ್ರವ ಲಿಪಿಡಿನಲ್ಲಿ ಪ್ರೋಟೀನುಗಳು ತೇಲುವ ಮಾದರಿಯನ್ನು ಮುಂದಿಟ್ಟರು. ಪಿಯುಸಿ ಜೀವಶಾಸ್ತ್ರದ ಪುಸ್ತಕದಲ್ಲಿ ಇವತ್ತಿಗೂ ಇರುವ ಚಿತ್ರ ಅದೇ.

ಆ ಚಿತ್ರದ ತೊಂದರೆ ಏನೆಂದರೆ ಅದು ಅಲುಗಾಡುವುದಿಲ್ಲ. ಬಲ್ಬಿಗೆ ಎರಡು ಕಾಲು ಬರೆದಂತಹ ಲಿಪಿಡ್‌ಗಳನ್ನು ಸಾಲಾಗಿ ನಿಲ್ಲಿಸಿ, ನಡುವೆ ಪ್ರೋಟೀನಿನ ಗುಂಡುಗಳನ್ನು ಕೂರಿಸಿ, ಭಾಗಗಳಿಗೆ ಹೆಸರು ಕೊಟ್ಟರೆ ಅಂಕ ಬಂತು. ನಿಜದ ಪೊರೆಯಲ್ಲಿ ಒಂದು ಲಿಪಿಡ್ ಅಣು ಒಂದು ಸೆಕೆಂಡಿಗೆ ಸುಮಾರು ಒಂದು ಕೋಟಿ ಸಲ ಪಕ್ಕದ ಅಣುವಿನೊಡನೆ ಜಾಗ ಬದಲಿಸಿಕೊಳ್ಳುತ್ತದೆ. ಒಂದು ಬ್ಯಾಕ್ಟೀರಿಯದ ಈ ತುದಿಯಿಂದ ಆ ತುದಿಗೆ ಒಂದೆರಡು ಸೆಕೆಂಡಿನಲ್ಲಿ ಹೋಗಿ ಸೇರಬಲ್ಲದು. ಆದರೆ ತನ್ನ ಪದರ ಬಿಟ್ಟು ಎದುರು ಪದರಕ್ಕೆ ದಾಟಬೇಕೆಂದರೆ ನೀರಿಗೊಲಿದ ತಲೆಯನ್ನು ಕೊಬ್ಬಿನ ನಡುವೆ ತೂರಿಸಬೇಕು. ತಾನಾಗಿ ಅದು ನಡೆಯಲು ಗಂಟೆಗಳೋ ದಿನಗಳೋ ಬೇಕು. ತೇರು ಎಳೆಯುವ ದಿನದ ಬೀದಿಯಲ್ಲಿ ಜನರ ಜೊತೆ ತಳ್ಳಿಸಿಕೊಂಡು ಮುಂದೆ ಸಾಗುವುದು ಸುಲಭ, ಹಗ್ಗ ದಾಟಿ ಆಚೆ ಬದಿಗೆ ಹೋಗುವುದು ಬಲು ಕಷ್ಟ. ಪೊರೆಯೊಳಗಿನ ಓಡಾಟವೂ ಹಾಗೆಯೇ.

ದಾಟುವುದು ಕಷ್ಟ ಎಂಬುದನ್ನು ಕೋಶ ತನ್ನ ಅನುಕೂಲಕ್ಕೆ ಬಳಸಿಕೊಂಡಿದೆ. ಫಾಸ್ಫಟಿಡೈಲ್‌ಸೆರೀನ್ ಎಂಬ ಲಿಪಿಡನ್ನು ಅದು ಒಳಪದರದಲ್ಲೇ ಇಟ್ಟುಕೊಳ್ಳುತ್ತದೆ. ಆಚೆಗೆ ನುಸುಳಿದ್ದನ್ನು ಹಿಡಿದು ಒಳಗೆ ಎಳೆದುಕೊಳ್ಳಲು ಫ್ಲಿಪ್ಪೇಸ್ ಎಂಬ ಪ್ರೋಟೀನುಗಳಿವೆ. ಅವು ಕೋಶದ ಇಂಧನವಾದ ಎಟಿಪಿ ಉರಿಸಿಯೇ ಕೆಲಸ ಮಾಡುತ್ತವೆ. ಕೋಶ ಸಾಯಹೊರಟಾಗ ಈ ಕಾವಲು ಸಡಿಲುತ್ತದೆ, ಎರಡೂ ಪದರವನ್ನು ಕಲಸಿಬಿಡುವ ಬೇರೆ ಪ್ರೋಟೀನುಗಳು ಎಚ್ಚರಗೊಳ್ಳುತ್ತವೆ. ಆ ಲಿಪಿಡ್ ಹೊರಗೆ ಕಾಣಿಸಿಕೊಂಡದ್ದೇ ತಡ, ಮೈಯ ಕಾವಲು ಕೋಶಗಳಾದ ಮ್ಯಾಕ್ರೋಫೇಜ್‌ಗಳು ಬಂದು ಕೋಶವನ್ನು ನುಂಗುತ್ತವೆ. ಎರಡೂ ಪದರ ಬೇರೆಬೇರೆಯಾಗಿ ಉಳಿದಿವೆ ಎಂದರೆ ಒಳಗೆ ಯಾರೋ ಇನ್ನೂ ದುಡಿಯುತ್ತಿದ್ದಾರೆ ಎಂದೇ ಅರ್ಥ.

ಈಗ ಚಳಿಯ ಪ್ರಶ್ನೆಗೆ ಬರೋಣ. ಪೊರೆ ಗಟ್ಟಿಯಾದರೆ ಅದರೊಳಗಿನ ಪ್ರೋಟೀನುಗಳು ಕೆಲಸ ನಿಲ್ಲಿಸುತ್ತವೆ. ಮಿತಿಮೀರಿ ನೀರಾದರೆ ಉಪ್ಪು, ಅಯಾನುಗಳು ಸೋರಿಹೋಗುತ್ತವೆ. ಎರಡರ ನಡುವೆ ಇರಬೇಕು. ಪಾಲ್ಮಿಟಿಕ್ ಎಂಬ ಪರ್ಯಾಪ್ತ ಆಮ್ಲದ ಎರಡು ಬಾಲವಿರುವ ಒಂದು ಸಾಮಾನ್ಯ ಫಾಸ್ಫೋಲಿಪಿಡಿನ ಪದರ ಸುಮಾರು 41 ಡಿಗ್ರಿಯಲ್ಲಿ ಕರಗುತ್ತದೆ. ಅದೇ ತಲೆ ಇಟ್ಟುಕೊಂಡು, ಒಂದು ಬಾಲದ ಬದಲಿಗೆ ಓಲಿಯಿಕ್ ಆಮ್ಲ ಹಾಕಿದರೆ ಕರಗುವ ಬಿಂದು ಸೊನ್ನೆಗಿಂತ ಎರಡು ಡಿಗ್ರಿ ಕೆಳಕ್ಕೆ ಬೀಳುತ್ತದೆ. ಒಂದು ದ್ವಿಬಂಧದಿಂದ ನಲವತ್ತಕ್ಕೂ ಹೆಚ್ಚು ಡಿಗ್ರಿ! ಇಷ್ಟು ಚುರುಕಾದ ಹಿಡಿ ಕೈಯಲ್ಲಿರುವಾಗ ಕೋಶ ಅದನ್ನು ತಿರುಗಿಸದೆ ಬಿಡುತ್ತದೆಯೇ? ಮೈಕೆಲ್ ಸಿನೆನ್ಸ್ಕಿ 1974ರಲ್ಲಿ ತೋರಿಸಿದ್ದು ಇದನ್ನೇ. ಎಶರಿಕಿಯಾ ಕೋಲಿ ಬ್ಯಾಕ್ಟೀರಿಯವನ್ನು 15 ಡಿಗ್ರಿಯಿಂದ 43 ಡಿಗ್ರಿಯವರೆಗೆ ಬೇರೆಬೇರೆ ಉಷ್ಣತೆಯಲ್ಲಿ ಬೆಳೆಸಿ, ಆಯಾ ಉಷ್ಣತೆಯಲ್ಲೇ ಪೊರೆಯ ಲಿಪಿಡಿನ ಸ್ನಿಗ್ಧತೆ ಅಳೆದರೆ ಅದು ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ ಇತ್ತು. ಚಳಿಯಲ್ಲಿ ಬೆಳೆದದ್ದು ಅಪರ್ಯಾಪ್ತ ಬಾಲಗಳನ್ನು, ಎಂದರೆ ದ್ವಿಬಂಧವಿರುವ ಬಾಲಗಳನ್ನು, ಹೆಚ್ಚಿಸಿಕೊಂಡಿತ್ತು, ಸೆಕೆಯಲ್ಲಿ ಬೆಳೆದದ್ದು ತಗ್ಗಿಸಿಕೊಂಡಿತ್ತು.

ಬ್ಯಾಕ್ಟೀರಿಯಕ್ಕೆ ಚಳಿಯಾಗಿದೆ ಎಂದು ಹೇಳುವವರು ಯಾರು? ನನಗೆ ಈ ಇಡೀ ವಿಷಯದಲ್ಲಿ ಅತಿ ಸೊಗಸಾಗಿ ಕಂಡದ್ದು ಇದಕ್ಕೆ ಸಿಗುವ ಉತ್ತರ. ಈ ಬ್ಯಾಕ್ಟೀರಿಯದಲ್ಲಿ ಅಪರ್ಯಾಪ್ತ ಸರಪಳಿಯನ್ನು ಉದ್ದ ಮಾಡುವ ಒಂದು ಕಿಣ್ವವಿದೆ. ಕಿಣ್ವಗಳು ಸಾಮಾನ್ಯವಾಗಿ ಚಳಿಗೆ ಮಂದವಾಗುತ್ತವೆ. ಇದು ಜೊತೆಯ ಕಿಣ್ವಗಳಿಗೆ ಹೋಲಿಸಿದರೆ ಚಳಿಯಲ್ಲೇ ಹೆಚ್ಚು ಕೆಲಸ ಮಾಡುತ್ತದೆ. ಉಷ್ಣತೆ ಅಳೆಯುವ ಬೇರೆ ಯಂತ್ರವೇ ಬೇಕಿಲ್ಲ. ಚಳಿಯಾದೊಡನೆ ಕಾರ್ಖಾನೆಯ ಮಾಲಿನ ಪ್ರಮಾಣವೇ ಬದಲಾಗುತ್ತದೆ. ಮಣ್ಣಿನ ಬ್ಯಾಸಿಲಸ್ ಸಬ್ಟಿಲಿಸ್‌ನಲ್ಲಿ ಬೇರೆ ಏರ್ಪಾಡು. ಅಲ್ಲಿ ಪೊರೆಯಲ್ಲೇ ನೆಟ್ಟ ಒಂದು ಪ್ರೋಟೀನು ಚಳಿಗೆ ಪೊರೆ ದಪ್ಪವಾದದ್ದನ್ನು ಗ್ರಹಿಸಿ, ದ್ವಿಬಂಧ ಹಾಕುವ ಕಿಣ್ವದ ಜೀನನ್ನು ಎಬ್ಬಿಸುತ್ತದೆ. ದೊಡ್ಡ ಪ್ರಾಣಿಗಳ ಮೈಯಲ್ಲೂ ಇದರ ಗುರುತು ಕಾಣಬಹುದು. ದನದ ಮೈಕೊಬ್ಬು ತಣ್ಣಗಾದರೆ ಮೇಣದಂತಾಗುತ್ತದೆ, ಕಾಲಿನ ಕೆಳಭಾಗದಿಂದ ತೆಗೆದ ಎಣ್ಣೆ ಗಟ್ಟಿಯಾಗದೆ ಉಳಿಯುತ್ತದೆ. ಚರ್ಮ ಹದಮಾಡುವವರು ಆ ಎಣ್ಣೆಯನ್ನು ಹಿಂದಿನಿಂದಲೂ ಬಳಸುತ್ತಾ ಬಂದದ್ದು ಈ ಗುಣಕ್ಕೇ. ಮೈಗಿಂತ ಕಾಲು ತಣ್ಣಗಿರುವ ಜಾಗ.

ಎಲ್ಲ ಜೀವಿಗಳೂ ಇದರಲ್ಲಿ ಸಮಾನ ನಿಪುಣರಲ್ಲ. ಬಾಳೆಹಣ್ಣನ್ನು ಫ್ರಿಜ್ಜಿನಲ್ಲಿಟ್ಟರೆ ಸಿಪ್ಪೆ ಕಪ್ಪಾಗುತ್ತದೆ. ಸುಮಾರು 13 ಡಿಗ್ರಿಗಿಂತ ಕೆಳಗೆ ಬಾಳೆಗೆ ಚಳಿಯ ಪೆಟ್ಟು ಬೀಳುತ್ತದೆ. ಪೊರೆಗಳು ಸೋರಿ, ಬೇರೆಬೇರೆ ಕೋಣೆಗಳಲ್ಲಿದ್ದ ವಸ್ತುಗಳು ಕೂಡಿ ಕಪ್ಪು ಬಣ್ಣ ಕಟ್ಟುತ್ತದೆ. ಆಲೂಗಡ್ಡೆ ಹಾಗಲ್ಲ. ಮುಂಗಾರಿಗೆ ಮುಂಚೆ ಜಲಂಧರದಿಂದ ಹಾಸನಕ್ಕೆ ಬಂದಿಳಿಯುವ ಬಿತ್ತನೆ ಗಡ್ಡೆ ತಿಂಗಳುಗಟ್ಟಲೆ ಶೀತಲಗೃಹದಲ್ಲಿ, ಎರಡರಿಂದ ನಾಲ್ಕು ಡಿಗ್ರಿಯಲ್ಲಿ ಇದ್ದು ಬಂದಿರುತ್ತದೆ. ಹಾಗಿದ್ದೂ ಹೊರಗೆ ತೆಗೆದಿಟ್ಟರೆ ಮೊಳಕೆ ಒಡೆಯುತ್ತದೆ. ಚಳಿಗೆ ಅದರ ಪಿಷ್ಟ ಒಂದಿಷ್ಟು ಸಕ್ಕರೆಯಾಗುವುದರಿಂದ ಅಂಥ ಗಡ್ಡೆಯ ಚಿಪ್ಸ್ ಕರಿದಾಗ ಕಪ್ಪಗಾಗುತ್ತದೆ, ಜೀವವೇನೂ ಹೋಗುವುದಿಲ್ಲ. ತಂಪು ಬೆಟ್ಟದ ಆಂಡಿಸ್ ಗಡ್ಡೆಯ ತವರು, ಬೆಚ್ಚಗಿನ ಆಗ್ನೇಯ ಏಷ್ಯಾ ಬಾಳೆಯ ತವರು.

ಈ ವ್ಯತ್ಯಾಸಕ್ಕೆ ಪೊರೆಯ ಲಿಪಿಡ್ಡೇ ಕಾರಣ ಎಂಬ ಊಹೆಯನ್ನು ಲೈಯನ್ಸ್ ಮತ್ತು ರೇಸನ್ 1970ರ ಹೊತ್ತಿಗೆ ಮಂಡಿಸಿದ್ದರು. ಊಹೆಗೆ ವಿರೋಧವೂ ಇತ್ತು, ಏಕೆಂದರೆ ಚಳಿಯಲ್ಲಿ ಕೆಡುವುದು ಪೊರೆಯೊಂದೇ ಅಲ್ಲ. ನೇರ ಪುರಾವೆ ಬಂದದ್ದು 1992ರಲ್ಲಿ, ಜಪಾನಿನ ನೊರಿಯೊ ಮುರಾಟ ಅವರ ತಂಡದಿಂದ. ಪ್ರಯೋಗಕ್ಕೆ ಅವರು ಆರಿಸಿಕೊಂಡದ್ದು ಅರಕಲಗೂಡಿನವರಿಗೆ ಬಳಕೆಯ ಗಿಡವನ್ನೇ: ರಾಮನಾಥಪುರದ ಹರಾಜು ಕಟ್ಟೆಗೆ ಬರುವ ತಂಬಾಕು. ಹಸಿರುಭಾಗದ ಪೊರೆಯ ಒಂದು ಲಿಪಿಡಿಗೆ ಎಂಥ ಬಾಲ ಸೇರಬೇಕೆಂದು ತೀರ್ಮಾನಿಸುವ ಕಿಣ್ವದ ಜೀನು ಅವರ ಗುರಿ. ಚಳಿ ತಾಳದ ಕುಂಬಳದ ಜಾತಿಯ ಗಿಡದ ಜೀನನ್ನು ತಂಬಾಕಿಗೆ ಸೇರಿಸಿದಾಗ ತಂಬಾಕು ಚಳಿಗೆ ಇನ್ನಷ್ಟು ಸೋತಿತು. ಚಳಿ ತಾಳುವ ಅರಬಿಡಾಪ್ಸಿಸ್ ಗಿಡದ ಜೀನು ಸೇರಿಸಿದಾಗ ಹೆಚ್ಚು ತಾಳಿಕೊಂಡಿತು. ಮಣ್ಣು ಬದಲಾಗಿರಲಿಲ್ಲ, ಗೊಬ್ಬರ ಬದಲಾಗಿರಲಿಲ್ಲ. ಬಾಲವನ್ನು ಆರಿಸುವ ಕೈ ಮಾತ್ರ ಬದಲಾಗಿತ್ತು.

ಸಸ್ಯಕ್ಕೂ ಬ್ಯಾಕ್ಟೀರಿಯಕ್ಕೂ ಸರಿ, ಅವು ತಮ್ಮ ಕೊಬ್ಬನ್ನು ತಾವೇ ಮಾಡಿಕೊಳ್ಳುತ್ತವೆ, ನಾವು ತಿನ್ನುವವರು ಎಂದು ಯಾರಾದರೂ ವಾದಿಸಬಹುದು. ವಾದದಲ್ಲಿ ಹುರುಳಿದೆ. ನಮ್ಮ ಮೈ ಪರ್ಯಾಪ್ತ ಸರಪಳಿಯ ಒಂಬತ್ತನೆಯ ಇಂಗಾಲದ ಬಳಿ ದ್ವಿಬಂಧ ಹಾಕಬಲ್ಲದು, ಸ್ಟಿಯರಿಕ್ಕನ್ನು ಓಲಿಯಿಕ್ಕಾಗಿ ಮಾರ್ಪಡಿಸಬಲ್ಲದು. ಅದರಿಂದ ಬಾಲದ ತುದಿಯ ಕಡೆಗೆ ಹೊಸ ದ್ವಿಬಂಧ ಹಾಕುವ ಕಿಣ್ವ ನಮ್ಮಲ್ಲಿಲ್ಲ. ಹೀಗಾಗಿ ಒಮೆಗಾ-6 ಬಗೆಯ ಲಿನೋಲಿಯಿಕ್ ಮತ್ತು ಒಮೆಗಾ-3 ಬಗೆಯ ಆಲ್ಫಾ ಲಿನೋಲೆನಿಕ್ ಆಮ್ಲಗಳು ಊಟದಿಂದಲೇ ಬರಬೇಕು. ಕೊಬ್ಬಿಲ್ಲದ ಆಹಾರ ತಿಂದ ಇಲಿಗಳು ಬೆಳವಣಿಗೆ ಕುಂದಿ ಕಾಯಿಲೆ ಬಿದ್ದದ್ದನ್ನು ಬರ್ ದಂಪತಿ 1929ರಲ್ಲೇ ತೋರಿಸಿದ್ದರು. ಆದರೆ ಕಚ್ಚಾಮಾಲು ಹೊರಗಿನಿಂದ ಬರಬೇಕು ಎಂಬುದಕ್ಕೂ, ಬಂದ ಮಾಲೇ ಗೋಡೆಯ ಗುಣವನ್ನು ತೀರ್ಮಾನಿಸುತ್ತದೆ ಎಂಬುದಕ್ಕೂ ಅಂತರವಿದೆ. ಆಸ್ಟ್ರೇಲಿಯದ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಲಿಗಳಿಗೆ ಬೇರೆಬೇರೆ ಹದದ ಕೊಬ್ಬಿನ ಆಹಾರ ಹಾಕಿ ಅಂಗಾಂಗಗಳ ಪೊರೆಯನ್ನು ಪರೀಕ್ಷಿಸಿದರು. ಆಹಾರದ ಪರ್ಯಾಪ್ತ ಮತ್ತು ಏಕ ಅಪರ್ಯಾಪ್ತ ಕೊಬ್ಬು ಎಷ್ಟೇ ಏರಿಳಿದರೂ ಪೊರೆಯಲ್ಲಿ ಅವುಗಳ ಪಾಲು ಅಷ್ಟಾಗಿ ಅಲುಗಲಿಲ್ಲ. ಅಲುಗಿದ್ದು ಒಮೆಗಾ-3 ಮತ್ತು ಒಮೆಗಾ-6ರ ನಡುವಿನ ಪ್ರಮಾಣ. ನಮ್ಮ ಕೈಯಲ್ಲಿ ಮಾಡಿಕೊಳ್ಳಲಾಗದ್ದರಲ್ಲಿ ಮಾತ್ರ ಊಟದ ಗುರುತು ಉಳಿಯಿತು, ಮಾಡಿಕೊಳ್ಳಬಹುದಾದದ್ದನ್ನು ಕೋಶ ತನಗೆ ಬೇಕಾದಂತೆ ಮಾಡಿಕೊಂಡಿತು. "ನಿಮ್ಮ ಕೋಶಗಳನ್ನು ಮೃದುವಾಗಿಸುವ ಎಣ್ಣೆ" ಎಂಬಂಥ ಮಾತನ್ನು ಡಬ್ಬಿಯ ಮೇಲೆ ಕಂಡರೆ ಇದನ್ನು ನೆನೆಯಬೇಕು.

ಹಾಗಾದರೆ ಕೊಬ್ಬರಿ ಎಣ್ಣೆ ಎಷ್ಟಾದರೂ ತಿನ್ನಬಹುದೇ? ಇಲ್ಲ. ಪರ್ಯಾಪ್ತ ಕೊಬ್ಬು ಹೆಚ್ಚಾದರೆ ರಕ್ತದಲ್ಲಿ ಎಲ್‌ಡಿಎಲ್ ಕೊಲೆಸ್ಟ್ರಾಲ್ ಏರುತ್ತದೆ ಎಂಬುದಕ್ಕೆ ಬಲವಾದ ಪುರಾವೆಯಿದೆ, ಕೊಬ್ಬರಿ ಎಣ್ಣೆಗೂ ಅದು ಅನ್ವಯಿಸುತ್ತದೆ. ದಿನದ ಶಕ್ತಿಯಲ್ಲಿ ಪರ್ಯಾಪ್ತ ಕೊಬ್ಬಿನ ಪಾಲು ನೂರಕ್ಕೆ 10ನ್ನು ಮೀರಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ತೆಂಗಿನ ಸೀಮೆಯ ಅಭಿಮಾನಕ್ಕಾಗಿ ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಆದರೆ ಎಲ್‌ಡಿಎಲ್ ಏರುವ ಕಾರಣ ಎಣ್ಣೆ ನಾಳದಲ್ಲಿ ಗಟ್ಟಿಯಾಗುವುದಲ್ಲ. ಆ ಕಾರಣವನ್ನು ಹುಡುಕಹೊರಟರೆ ಮತ್ತೆ ಪೊರೆಯ ಲೆಕ್ಕಾಚಾರದ ಹತ್ತಿರವೇ ಬರುತ್ತೇವೆ.

ಕೊಲೆಸ್ಟ್ರಾಲನ್ನು ಜನ ಕಾಯಿಲೆಯ ಹೆಸರೆಂದೇ ತಿಳಿದಿದ್ದಾರೆ. ಪ್ರಾಣಿಕೋಶದ ಹೊರಪೊರೆಯಲ್ಲಿ ಹತ್ತು ಲಿಪಿಡ್ ಅಣು ಎಣಿಸಿದರೆ ಮೂರ್ನಾಲ್ಕು ಕೊಲೆಸ್ಟ್ರಾಲೇ. ಅದರ ಗಡುಸಾದ, ಚಪ್ಪಟೆ ಉಂಗುರಗಳು ಬಾಲಗಳ ನಡುವೆ ಸೇರಿಕೊಂಡು, ಸೆಕೆಯಲ್ಲಿ ಅವು ಅತಿಯಾಗಿ ಅಲೆದಾಡದಂತೆ ತಡೆಯುತ್ತವೆ. ಚಳಿಯಲ್ಲಿ ಅವೇ ಉಂಗುರಗಳು ಬಾಲಗಳು ಒತ್ತಾಗಿ ಸೇರಿ ಹೆಪ್ಪಾಗಲು ಬಿಡುವುದಿಲ್ಲ. ಇಷ್ಟು ಬೇಕಾದ ವಸ್ತುವನ್ನು ಕೋಶ ಅಳತೆಯಿಲ್ಲದೆ ಇಟ್ಟುಕೊಳ್ಳುವುದಿಲ್ಲ. ಅಳತೆ ನಡೆಯುವುದು ಕೋಶದ ಒಳಗಿನ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ ಎಂಬ ಪೊರೆಯಲ್ಲಿ. ಅಲ್ಲಿ ಲಿಪಿಡಿನ ನೂರು ಅಣುವಿಗೆ ಕೊಲೆಸ್ಟ್ರಾಲ್ ಸುಮಾರು ಐದಕ್ಕಿಂತ ಕಡಿಮೆಯಾದರೆ ಒಂದು ಪ್ರೋಟೀನು ಅಲ್ಲಿಂದ ಬಿಡುಗಡೆಯಾಗಿ, ಕತ್ತರಿಸಿಕೊಂಡು, ಕೋಶಕೇಂದ್ರಕ್ಕೆ ಹೋಗಿ ಸುದ್ದಿ ಮುಟ್ಟಿಸುತ್ತದೆ. ಆಗ ಕೋಶ ಕೊಲೆಸ್ಟ್ರಾಲ್ ತಯಾರಿಯನ್ನೂ ಹೆಚ್ಚಿಸುತ್ತದೆ, ರಕ್ತದಿಂದ ಎಲ್‌ಡಿಎಲ್ ಹಿಡಿದುಕೊಳ್ಳುವ ಗ್ರಾಹಕಗಳನ್ನೂ ಹೆಚ್ಚು ಹೊರಡಿಸುತ್ತದೆ. ಈ ಗ್ರಾಹಕಗಳನ್ನು ಕಂಡುಹಿಡಿದ ಬ್ರೌನ್ ಮತ್ತು ಗೋಲ್ಡ್‌ಸ್ಟೀನ್‌ಗೆ 1985ರ ನೊಬೆಲ್ ಬಂತು. ಕೊಲೆಸ್ಟ್ರಾಲ್ ಇಳಿಸಲು ಕೊಡುವ ಸ್ಟ್ಯಾಟಿನ್ ಗುಳಿಗೆ ಮಾಡುವುದೂ ಇಷ್ಟೇ: ಯಕೃತ್ತಿನ ಕೋಶದೊಳಗಿನ ತಯಾರಿ ತಗ್ಗಿಸಿ, ಆ ಪೊರೆಗೆ ಕೊರತೆ ಕಾಣಿಸಿ, ಕೋಶ ಗ್ರಾಹಕಗಳನ್ನು ಹೊರಗೆ ಹಾಕಿ ರಕ್ತದಿಂದ ಎಲ್‌ಡಿಎಲ್ ಎಳೆದುಕೊಳ್ಳುವಂತೆ ಮಾಡುತ್ತದೆ. ಪರ್ಯಾಪ್ತ ಕೊಬ್ಬು ಹೆಚ್ಚಾದಾಗ ಈ ಗ್ರಾಹಕಗಳ ಚಟುವಟಿಕೆ ಕುಗ್ಗುತ್ತದೆ. ರಕ್ತಪರೀಕ್ಷೆಯ ಚೀಟಿಯಲ್ಲಿ ಕಾಣುವ ಅಂಕಿಯಲ್ಲಿ ತಟ್ಟೆಯ ಎಣ್ಣೆಗೆ ಪಾಲಿದೆ, ಯಕೃತ್ತಿನ ಪೊರೆ ಮಾಡಿಕೊಂಡ ತೀರ್ಮಾನಗಳಿಗೂ ಪಾಲಿದೆ.

ಪೊರೆಯ ದುಡಿಮೆ ಎಷ್ಟು ದೂರ ಹೋಗುತ್ತದೆ ಎಂಬುದಕ್ಕೆ ಹಿರೀಸಾವೆಯಿಂದ ಹೆದ್ದಾರಿ ಹಿಡಿದು ಬೆಂಗಳೂರು ತಲುಪಿದರೆ ಸಾಕ್ಷಿ ಸಿಗುತ್ತದೆ. ಜಿಕೆವಿಕೆ ಆವರಣದ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಸತ್ಯಜಿತ್ ಮೇಯರ್ ಎಂಬ ಕೋಶವಿಜ್ಞಾನಿಯೂ ಮದನ್ ರಾವ್ ಎಂಬ ಭೌತವಿಜ್ಞಾನಿಯೂ ವರ್ಷಾನುಗಟ್ಟಲೆ ಕೂಡಿ ಕೆಲಸ ಮಾಡಿದರು. 1997ರಲ್ಲಿ ಸೈಮನ್ಸ್ ಮತ್ತು ಇಕೊನೆನ್ ಕೊಲೆಸ್ಟ್ರಾಲ್ ಹಾಗೂ ಕೆಲವು ಲಿಪಿಡ್‌ಗಳು ತಾವಾಗಿ ಕೂಡಿ ಪೊರೆಯಲ್ಲಿ ತೆಪ್ಪಗಳಂತೆ ತೇಲುತ್ತವೆ ಎಂದಿದ್ದರು. ಎಣ್ಣೆ ನೀರಿನಿಂದ ಬೇರೆಯಾಗುವಂತೆ ಇದೂ ತಾನಾಗಿ ಆಗುವ ಬೇರ್ಪಡೆ ಎಂಬುದು ಆಗಿನ ಎಣಿಕೆ. ಬೆಂಗಳೂರಿನ ತಂಡ 2004ರಿಂದ ಮುಂದಕ್ಕೆ ತೋರಿಸಿದ ಚಿತ್ರ ಬೇರೆ. ಲಿಪಿಡ್ ಬಾಲದಿಂದ ಪೊರೆಯ ಹೊರಪದರಕ್ಕೆ ನೆಟ್ಟುಕೊಂಡ ಕೆಲವು ಪ್ರೋಟೀನುಗಳು ಕೆಲವೇ ನ್ಯಾನೋಮೀಟರ್ ಅಳತೆಯ, ಎರಡೋ ಮೂರೋ ನಾಲ್ಕೋ ಅಣುಗಳ ಗುಂಪಾಗಿರುತ್ತವೆ. ಆ ಗುಂಪುಗಳು ತಾವಾಗಿ ಕೂಡಿದವಲ್ಲ. ಪೊರೆಯ ಅಡಿಯಲ್ಲಿ ಆಕ್ಟಿನ್ ಎಂಬ ಪ್ರೋಟೀನಿನ ಎಳೆಗಳು ಎಟಿಪಿ ಉರಿಸಿ ಅವನ್ನು ಕೂಡಿಸುತ್ತವೆ, ಒಡೆಯುತ್ತವೆ. ಹೊರಪದರದ ಪ್ರೋಟೀನನ್ನು ಒಳಗಿನ ಎಳೆ ಹೇಗೆ ಹಿಡಿಯುತ್ತದೆ ಎಂಬ ತೊಡಕಿಗೆ 2015ರಲ್ಲಿ ಉತ್ತರ ಬಂತು. ಮೊದಲು ಹೇಳಿದ ಫಾಸ್ಫಟಿಡೈಲ್‌ಸೆರೀನ್ ಒಳಪದರದಲ್ಲಿ ಆಕ್ಟಿನಿಗೆ ಸಿಕ್ಕಿಕೊಳ್ಳುತ್ತದೆ. ಅದರ ಉದ್ದನೆಯ ಪರ್ಯಾಪ್ತ ಬಾಲ ಹೊರಪದರದಿಂದ ಕೆಳಗಿಳಿದ ಉದ್ದನೆಯ ಬಾಲದೊಡನೆ ಹೆಣೆದುಕೊಳ್ಳುತ್ತದೆ. ಅಡುಗೆಮನೆಯ ಚರ್ಚೆಯಲ್ಲಿ ಖಳನಾದ ಪರ್ಯಾಪ್ತ ಸರಪಳಿ ಇಲ್ಲಿ ಕೊಂಡಿಯ ಕೆಲಸ ಮಾಡುತ್ತದೆ, ಬಾಗಿದ ಬಾಲದಿಂದ ಆ ಹಿಡಿತ ಸಾಧ್ಯವಾಗುವುದಿಲ್ಲ. ಪರ್ಯಾಪ್ತ ಕೆಟ್ಟದ್ದು, ಅಪರ್ಯಾಪ್ತ ಒಳ್ಳೆಯದು ಎಂಬ ಹಂಚಿಕೆ ಕೋಶಕ್ಕೆ ಗೊತ್ತೇ ಇಲ್ಲ.

ಪೊರೆಯನ್ನು ಕಾಯುವ ದಾರಿ ಒಂದೇ ಅಲ್ಲ ಎಂಬುದನ್ನು ಮರೆತರೆ ಏನಾಗುತ್ತದೆ ಎಂಬುದು ಹಾಸನ, ಅರಕಲಗೂಡು ಕಡೆಯ ಆಲೂಗಡ್ಡೆ ಹೊಲದಲ್ಲಿ ಕಾಣುತ್ತದೆ. ಜುಲೈ, ಆಗಸ್ಟಿನ ಜಡಿಮಳೆಯಲ್ಲಿ ಎಲೆ ಸುಟ್ಟಂತಾಗಿ ಹೊಲಕ್ಕೆ ಹೊಲವೇ ಕೊಳೆಯುವ ಅಂಗಮಾರಿ ರೋಗ ಈ ಸೀಮೆಯ ಬೆಳೆಗಾರರನ್ನು ಹಣ್ಣು ಮಾಡಿದೆ. ಇದನ್ನು ತರುವ ಫೈಟೊಫ್ತೊರಾ ಇನ್ಫೆಸ್ಟಾನ್ಸ್ ಶಿಲೀಂಧ್ರದಂತೆ ಕಾಣುತ್ತದೆ, ಶಿಲೀಂಧ್ರವಲ್ಲ. ಅದು ಕಂದು ಪಾಚಿಯ ಬಳಗಕ್ಕೆ ಹತ್ತಿರ. ನಿಜವಾದ ಶಿಲೀಂಧ್ರಗಳು ಪೊರೆಗೆ ಕೊಲೆಸ್ಟ್ರಾಲಿನ ಬದಲು ಅದರಂಥದೇ ಸ್ಟಿರಾಲ್ ಆದ ಎರ್ಗೊಸ್ಟಿರಾಲ್ ಮಾಡಿಕೊಳ್ಳುತ್ತವೆ. ಹೆಕ್ಸಕೊನಜೋಲ್, ಪ್ರೊಪಿಕೊನಜೋಲ್ ಮುಂತಾದ ಅಜೋಲ್ ಗುಂಪಿನ ಔಷಧಗಳು ಕೊಲ್ಲುವುದು ಆ ತಯಾರಿಯನ್ನು ಕೆಡಿಸಿ. ಫೈಟೊಫ್ತೊರಾ ಸ್ಟಿರಾಲ್ ತಯಾರಿಸುವುದೇ ಇಲ್ಲ. ಸಂತಾನ ಬೆಳೆಸಲು ಬೇಕಾದದ್ದನ್ನು ಗಿಡದ ಪೊರೆಯಿಂದ ಕದಿಯುತ್ತದೆ, ಕದ್ದು ಹೊರಲೆಂದೇ ಅದರಲ್ಲಿ ಸಣ್ಣ ಪ್ರೋಟೀನುಗಳಿವೆ. ಇಲ್ಲದ ಕಾರ್ಖಾನೆಯ ಬಾಗಿಲಿಗೆ ಬೀಗ ಹಾಕುವ ಔಷಧದಿಂದ ಫಲವೇನು? ಹಾಗಿದ್ದೂ "ಶಿಲೀಂಧ್ರನಾಶಕ" ಎಂಬ ಒಂದೇ ಹೆಸರಿನಡಿ ಎಲ್ಲವೂ ಅಂಗಡಿಯ ಒಂದೇ ಕಪಾಟಿನಲ್ಲಿ ಕೂರುತ್ತವೆ. ಅಂಗಮಾರಿಗೆ ಅಜೋಲ್ ಗುಂಪಿನ ಔಷಧ ಹೊಡೆದ ಬೆಳೆಗಾರ ದುಡ್ಡನ್ನೂ ಕಳೆದುಕೊಳ್ಳುತ್ತಾನೆ, ಮಳೆಯ ನಡುವೆ ಸಿಕ್ಕ ಎರಡು ದಿನದ ಬಿಡುವನ್ನೂ ಕಳೆದುಕೊಳ್ಳುತ್ತಾನೆ. ಈ ರೋಗದಲ್ಲಿ ಎರಡನೆಯ ನಷ್ಟವೇ ದೊಡ್ಡದು.

ಮ್ಯಾಂಕೊಜೆಬ್ ರೋಗಾಣುವಿನ ಹಲವು ಕಡೆ ಒಟ್ಟಿಗೆ ಪೆಟ್ಟು ಕೊಡುವುದರಿಂದ ರೋಗ ಬರುವ ಮುಂಚೆ ಹೊಡೆದರೆ ಉಪಯೋಗಕ್ಕೆ ಬರುತ್ತದೆ. ಡೈಮೆಥೊಮಾರ್ಫ್ ಈ ಜೀವಿಯ ಸೆಲ್ಯುಲೋಸಿನ ಹೊರಗೋಡೆ ಕಟ್ಟುವುದನ್ನು ತಡೆಯುತ್ತದೆ. ಹೆಚ್ಚು ಕುತೂಹಲದ್ದು ಆಕ್ಸಾಥಿಯಪಿಪ್ರೊಲಿನ್ ಎಂಬ ಹೊಸ ಔಷಧ. ಅದು ಹಿಡಿಯುವುದು ಪೊರೆಯಿಂದ ಪೊರೆಗೆ ಲಿಪಿಡ್ ಸಾಗಿಸುವ ಜಾತಿಯ ಒಂದು ಪ್ರೋಟೀನನ್ನು. ಹೆಕ್ಟೇರಿಗೆ ಕೆಲವೇ ಹತ್ತು ಗ್ರಾಂ ಸಾಕಾಗುವಷ್ಟು ಅದು ಬಲಶಾಲಿ. ಅದರ ದೌರ್ಬಲ್ಯವೂ ಅಲ್ಲೇ ಇದೆ: ಹಿಡಿದಿರುವುದು ಒಂದೇ ಪ್ರೋಟೀನು. ಆ ಪ್ರೋಟೀನಿನಲ್ಲಿ ಒಂದೆಡೆ ಒಂದು ಅಮೈನೋ ಆಮ್ಲ ಬದಲಾದರೂ ಔಷಧ ತಾಗದೆ ಹೋಗಬಹುದು. ಪ್ರಯೋಗಾಲಯದಲ್ಲಿ ಫೈಟೊಫ್ತೊರಾ ಜಾತಿಯ ಬೇರೆ ರೋಗಾಣುಗಳು ಹಾಗೆ ಬದಲಾಗಿ ಬದುಕಿದ್ದೂ ಉಂಟು. ಆದ್ದರಿಂದಲೇ ಅದನ್ನು ಒಂಟಿಯಾಗಿ ಹೊಡೆಯಬಾರದು, ಬೇರೆ ಗುಂಪಿನ ಔಷಧದ ಜೊತೆ ಬೆರೆಸಬೇಕು, ಒಂದೇ ಬೆಳೆಗೆ ಪದೇ ಪದೇ ಬಳಸಬಾರದು ಎಂದು ತಜ್ಞರು ಹೇಳುತ್ತಾರೆ. ಕಪಾಟಿನ ಮುಂದೆ ನಿಂತ ಬೆಳೆಗಾರ ಯಾವ ಡಬ್ಬಿ ಎಷ್ಟು ಎಂದು ಕೇಳುವ ಮೊದಲು ಅದು ರೋಗಾಣುವಿನ ಯಾವ ಕೆಲಸವನ್ನು ನಿಲ್ಲಿಸುತ್ತದೆ ಎಂದು ಕೇಳಲಿ. ಅಂಗಡಿಯವನಿಗೆ ಉತ್ತರ ಗೊತ್ತಿಲ್ಲದಿದ್ದರೆ ಡಬ್ಬಿಯ ಮೇಲೆ ಔಷಧದ ಗುಂಪಿನ ಹೆಸರಾದರೂ ಕನ್ನಡದಲ್ಲಿ, ಓದಬಹುದಾದ ಅಕ್ಷರದಲ್ಲಿ ಇರಲಿ.